ತಾಯಿಬೆರಳು

1 ಜನವರಿ 1982

ಜಪಾನಿನ ಹಡಗು ಕಂಪೆನಿಯವರು ಕೊಟ್ಟ ಹೊಸ ಡೈರಿ. ಒಳ್ಳೆಯ ಕಾಗದ. ಎಂದಿನಂತೆ ಹಡಗುಗಳ ವಿವರ ಬರೆದಿಡಬಹುದು. ಇಂದು ಪಣಂಬೂರಿನ ಧಕ್ಕೆಯಲ್ಲಿ ಅದಿರು ತುಂಬುತ್ತಿರುವುದು ಒಂದು, ಹೊರಗೆ ಲಂಗರು ಹಾಕಿ ಕಾದಿರುವುದು ಇನ್ನೊಂದು.

ಬೆಳಿಗ್ಗೆ ಹೇಮಾಕ್ಷಿ ನೀರು ಸೇದುವಾಗ ಸೊಂಟ ಹಿಡಿದುಕೊಂಡಿತು ಎಂದು ಬಾವಿಕಟ್ಟೆಯ ಮೇಲೆಯೇ ಕುಳಿತಳು. ತಿಂಡಿ ಆಗಲಿಲ್ಲ. ಆಫೀಸಿನ ಪಕ್ಕದ ಹೋಟೆಲಿನಲ್ಲಿ ಗೋಳಿಬಜೆ ತಿಂದೆ. ಸಂಜೆ ಬಂದು ನೋಡಿದರೆ ಇನ್ನೂ ಮಲಗಿದ್ದಳು. ಇವಳಿಗೆ ಆಗಾಗ ಏನಾದರೊಂದು ಇದ್ದೇ ಇರುತ್ತದೆ.

6 ಜನವರಿ

ಕಡಿಮೆಯಾಗಲಿಲ್ಲ. ನೋವು ಈಗ ಸೊಂಟದಿಂದ ಎಡಗಾಲಿಗೆ ಇಳಿದಿದೆಯಂತೆ. ಸೊಂಟದ ನೋವು ಕಾಲಿಗೆ ಹೇಗೆ ಇಳಿಯುತ್ತದೆ ಎಂದು ಕೇಳಿದೆ. "ಹೇಗೆ ಅಂತ ನನಗೆಂತ ಗೊತ್ತು? ಇಳಿದದ್ದು ಮಾತ್ರ ಗೊತ್ತು" ಎಂದಳು. ಶಾಲೆಗೆ ರಜೆ ಹಾಕಿದ್ದಾಳೆ. ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಖುಷಿಯಾಗಿರಬಹುದು. ಅಡುಗೆಗೆಂದು ಪಡೀಲಿನಿಂದ ಅವಳ ಅಕ್ಕ ಅಮ್ಮಣಿ ಬಂದಿದ್ದಾರೆ. ಅವರ ಸಾರಿಗೆ ಹುಳಿ ಹೆಚ್ಚು.

ಹೊರಗಿದ್ದ ಹಡಗು ಒಳಗೆ ಬಂತು.

11 ಜನವರಿ

ಹೇಮಾಕ್ಷಿಯನ್ನು ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಅತ್ತಾವರಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಡಾಕ್ಟರ್ ಇಸಿದೋರ್ ಅವರ ಸಣ್ಣ ನರ್ಸಿಂಗ್ ಹೋಮ್ ಇದೆ. ಮೂಳೆಯ ಡಾಕ್ಟರು, ಐವತ್ತು ದಾಟಿದವರು, ದೊಡ್ಡ ಗಂಟಲು. ಅವಳ ಎಡಗಾಲನ್ನು ನೇರವಾಗಿ ಮೇಲೆತ್ತಿದ ಕೂಡಲೇ ಅವಳು ಕೂಗಿಕೊಂಡಳು. ಹೊರಗೆ ಕುಳಿತವರಿಗೆಲ್ಲ ಕೇಳಿಸಿತು. ನನಗೆ ನಾಚಿಕೆಯಾಯಿತು.

ಬೆನ್ನೆಲುಬಿನ ಎರಡು ಮಣಿಗಳ ನಡುವೆ ಒಂದು ಮೆತ್ತೆ ಇರುತ್ತದಂತೆ. ಅದು ಹೊರಕ್ಕೆ ಉಬ್ಬಿ ಕಾಲಿನ ನರವನ್ನು ಒತ್ತುತ್ತಿದೆ. "ಹಲಗೆಯ ಮೇಲೆ ಮಲಗಬೇಕು, ಏಳಬಾರದು. ಕಾಲಿಗೆ ಭಾರ ಕಟ್ಟಿ ಎಳೆಸುವ. ಅದರಲ್ಲಿ ಆಗದಿದ್ದರೆ ಆಪರೇಷನ್" ಎಂದರು. ಆಪರೇಷನ್ ಎಂದದ್ದೇ ತಡ, ಹೇಮಾಕ್ಷಿ ಮೇಜಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡಳು. ಅವಳ ಶಾಲೆಯ ಬೆನಿಟಾ ಟೀಚರಿಗೆ ಈ ಆಪರೇಷನ್ ಆಗಿತ್ತು. ಇವತ್ತಿಗೂ ಅವರು ಪಾಠ ಮಾಡುವುದು ಗೋಡೆಗೆ ಒರಗಿಕೊಂಡೇ.

ಹೊರಡುವಾಗ ಡಾಕ್ಟರು ನನ್ನ ಕೆಲಸ ಕೇಳಿದರು. ಹಡಗಿನ ಏಜೆನ್ಸಿ, ಜಪಾನಿನವರ ಕಾಗದಪತ್ರ ನೋಡಿಕೊಳ್ಳುವುದು ಎಂದೆ.

"ಜಪಾನಿ ಬರ್ತದಾ ನಿಮಗೆ?"

ಬೊಂಬಾಯಿಯಲ್ಲಿ ಜಪಾನಿ ಕಂಪೆನಿಯಲ್ಲಿದ್ದಾಗ ಸಂಜೆಯ ತರಗತಿಗೆ ಹೋಗಿ ಕಲಿತದ್ದನ್ನು ಹೇಳಿದೆ. ಅವರು ಡ್ರಾಯರಿನಿಂದ ಒಂದು ಝೆರಾಕ್ಸ್ ಪ್ರತಿ ತೆಗೆದರು. ಅಲ್ಲಿನ ಡಾಕ್ಟರೊಬ್ಬರು ಬೆನ್ನು ಕೊಯ್ಯದೆ, ಪಕ್ಕದಿಂದ ಸಪೂರದ ಒಂದು ನಳಿಗೆ ತೂರಿಸಿ ಆ ಮೆತ್ತೆಯನ್ನು ಸ್ವಲ್ಪ ತೆಗೆಯುವ ಬಗ್ಗೆ ಬರೆದದ್ದು. "ಮದರಾಸಿನ ಕಾನ್ಫರೆನ್ಸಿನಲ್ಲಿ ಸಿಕ್ಕಿತು ಮಾರಾಯ್ರೆ. ಚಿತ್ರ ನೋಡಿ ನೋಡಿ ಸಾಕಾಯ್ತು. ಓದಿ ಹೇಳುವವರು ಊರಲ್ಲಿ ಒಬ್ಬರೂ ಇಲ್ಲ."

ಮಾಡಿಕೊಡುತ್ತೇನೆ ಎಂದೆ. ಮಂಗಳೂರಿಗೆ ಬಂದ ಮೇಲೆ ನನ್ನ ಜಪಾನಿಯನ್ನು ಹೀಗೆ ಕೇಳಿದವರು ಇವರೇ ಮೊದಲು.

14 ಜನವರಿ

ಬಹಳ ಕಷ್ಟ. ನನಗೆ ಬರುವುದು ಅದಿರಿನ ತೂಕ, ಬಂದರು ಶುಲ್ಕ, ಹವಾಮಾನ. ಇಲ್ಲಿ ಸಾಲಿಗೆ ಮೂರು ಅಕ್ಷರ ನಿಘಂಟಿನಲ್ಲಿ ಹುಡುಕಬೇಕು. ಆದರೆ ಒಂದು ಸಂಗತಿ ಕಂಡುಕೊಂಡೆ. ಇಂಗ್ಲಿಷಿಗೆ ತಿರುಗಿಸಲು ಹೊರಟರೆ ವಾಕ್ಯವನ್ನು ಬುಡಮೇಲು ಮಾಡಬೇಕಾಗುತ್ತದೆ. ಕನ್ನಡಕ್ಕಾದರೆ ಇದ್ದ ಹಾಗೆಯೇ ಬರುತ್ತದೆ. ಅವರೂ ನಮ್ಮ ಹಾಗೆ ಕ್ರಿಯಾಪದವನ್ನು ಕೊನೆಗೇ ಇಡುವವರು. ಮೊದಲು ಕನ್ನಡದಲ್ಲಿ ಬರೆದು ಆಮೇಲೆ ಇಂಗ್ಲಿಷ್ ಮಾಡಿದರಾಯಿತು.

ಇದೇ ಗುಂಗಿನಲ್ಲಿದ್ದಾಗ ಒಳಗಿನಿಂದ ಹೇಮಾಕ್ಷಿ ಕರೆದಳು. ಒಂದು ನಿಮಿಷ ಎಂದೆ. ಮತ್ತೆ ಕರೆದಳು. ಬಂದೆ ಎಂದೆ. ಅಮ್ಮಣಕ್ಕ ಅಂಗಡಿಗೆ ಹೋಗಿದ್ದರು. ನಾನು ಹೋಗುವಷ್ಟರಲ್ಲಿ ಅವಳು ಗೋಡೆಯ ಕಡೆ ಮುಖ ಮಾಡಿದ್ದಳು, ಹಾಸಿಗೆ ಒದ್ದೆಯಾಗಿತ್ತು. ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಬಟ್ಟೆ ಬದಲಿಸಿದೆ, ಚಾದರ ನೆನೆಸಿಟ್ಟೆ. ಇದೆಲ್ಲ ಡೈರಿಯಲ್ಲಿ ಬರೆಯುವಂಥದ್ದಲ್ಲ.

17 ಜನವರಿ, ಭಾನುವಾರ

ಮೇಜನ್ನು ಅವಳ ಮಂಚದ ಪಕ್ಕಕ್ಕೆ ಎಳೆದುಕೊಂಡೆ. ಕರೆದರೆ ಕೇಳಿಸಲಿ ಎಂದು. ಬೆಳಕೂ ಅಲ್ಲಿ ಚೆನ್ನಾಗಿದೆ.

ಬರೆದದ್ದನ್ನು ಗಟ್ಟಿಯಾಗಿ ಓದಿ ನೋಡುವುದು ನನ್ನ ಅಭ್ಯಾಸ. ಕಾಲಿಗೆ ಕಟ್ಟಿದ ಹಗ್ಗ, ಹಗ್ಗದ ತುದಿಗೆ ಮರಳಿನ ಚೀಲ, ಹಾಗೆ ಮಲಗಿಕೊಂಡೇ ಹೇಮಾಕ್ಷಿ ಕೇಳುತ್ತಿದ್ದಳು.

"'ರೋಗಿಗೆ ಕಾಲಿನಲ್ಲಿ ನೋವು ಮತ್ತು ನೋವು ಇತ್ತು' ಅಂದ್ರೆ ಎಂತ?"

ಅಲ್ಲಿ ಎರಡು ಬೇರೆ ಶಬ್ದಗಳಿವೆ, ಎರಡನೆಯದು 'ಶಿಬಿರೆ', ಅದೂ ಒಂದು ನಮೂನೆ ನೋವೇ ಇರಬೇಕು ಎಂದೆ. "ಇರಬೇಕು ಅಂತ ಬರೆದ್ರೆ ಆಗ್ತದಾ? ನಮ್ಮ ಮಕ್ಕಳು ಹಾಗೆ ಬರೆದ್ರೆ ನಾನು ಸೊನ್ನೆ ಹಾಕ್ತೇನೆ" ಎಂದಳು. ಎಷ್ಟೋ ದಿನದ ಮೇಲೆ ಅವಳ ಟೀಚರ್ ಸ್ವರ ಕೇಳಿದೆ.

20 ಜನವರಿ

'ಯೂನಮಿ ಮಾರು' ಹಡಗಿನ ಮುಖ್ಯ ಅಧಿಕಾರಿ ಒಕುಡ ಹಳೆಯ ಪರಿಚಯ. ಸಹಿಗಳೆಲ್ಲ ಆದ ಮೇಲೆ 'ಶಿಬಿರೆ' ಎಂದರೇನು ಎಂದು ಕೇಳಿದೆ. ಆತ ಕುರ್ಚಿ ಬಿಟ್ಟು ನೆಲದ ಮೇಲೆ ಮಂಡಿಯೂರಿ ಕುಳಿತ. ಸ್ವಲ್ಪ ಹೊತ್ತು ಹಾಗೆಯೇ ಇದ್ದು ಎದ್ದುನಿಂತು, ಕಾಲು ನೆಲಕ್ಕೆ ತಾಗಿಸಲಾಗದವನಂತೆ ಕುಂಟುತ್ತಾ ಕ್ಯಾಬಿನ್ ಸುತ್ತಿದ. ಚಹಾ ತಂದ ಹುಡುಗ ಬಾಗಿಲಲ್ಲೇ ನಿಂತುಬಿಟ್ಟ. ಯಾರಿಗೆ ಹುಷಾರಿಲ್ಲ ಎಂದು ಒಕುಡ ಕೇಳಿದ. ಹೆಂಡತಿಗೆ ಎಂದೆ. ರಾತ್ರಿ ನಿದ್ದೆ ಬರುತ್ತದೆಯೇ ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಬರುತ್ತದೆ ಎಂದುಬಿಟ್ಟೆ.

ಮನೆಗೆ ಬಂದು ಒಕುಡ ಕುಂಟಿದ್ದನ್ನು ಮಾಡಿ ತೋರಿಸಿದೆ.

"ಅದು ಜೋಮು ಅಲ್ಲವಾ!" ಎಂದು ಹೇಮಾಕ್ಷಿ ನಕ್ಕಳು. ನಕ್ಕದ್ದರಿಂದಲೇ ಸೊಂಟಕ್ಕೆ ಚುಚ್ಚಿ ಕಣ್ಣು ಮುಚ್ಚಿಕೊಂಡಳು.

ನಿದ್ದೆ ಬರುತ್ತದಾ ಎಂದು ಕೇಳಿದೆ. "ಬೆಳಗಿನ ಜಾವ ಸ್ವಲ್ಪ" ಎಂದಳು.

23 ಜನವರಿ

ಇವಳ ಪ್ರಕಾರ ಜೋಮು ಬೇರೆ, ಸೆಳೆತ ಬೇರೆ, ಚಳುಕು ಬೇರೆ. ಚಳುಕು ಮಿಂಚಿನ ಹಾಗೆ, ಬಂದು ಹೋಗುತ್ತದೆ. ಕೆಮ್ಮಿದರೆ, ಸೀನಿದರೆ ಬರುತ್ತದೆ. ಸೆಳೆತ ತೊಡೆಯ ಹಿಂಬದಿಯಿಂದ ಯಾರೋ ಹಗ್ಗ ಹಿಡಿದು ಎಳೆದ ಹಾಗೆ, ಬಿಡುವುದೇ ಇಲ್ಲ. ಮೀನಖಂಡದ ಹೊರಬದಿಯಲ್ಲಿ ಉರಿ. ಪಾದದ ಮೇಲ್ಭಾಗದಲ್ಲಿ ಜೋಮು. "ಅಲ್ಲಿ ಮುಟ್ಟಿದ್ರೆ ನನ್ನ ಕಾಲಲ್ಲ, ಬೇರೆ ಯಾರದ್ದೋ ಕಾಲು ಮುಟ್ಟಿದ ಹಾಗೆ."

ಈ ಪ್ರಬಂಧದಲ್ಲೂ ಹೀಗೆಯೇ ವಿಂಗಡಿಸಿದ್ದಾರೆ. ಜಪಾನಿನ ಯಾವುದೋ ಊರಿನ ಬಡಗಿಯೊಬ್ಬನಿಗೂ ಇದೇ ಜಾಗದಲ್ಲಿ ಉರಿ, ಇದೇ ಜಾಗದಲ್ಲಿ ಜೋಮು. ಅವಳಿಗೆ ಓದಿ ಹೇಳಿದೆ. "ಹಾಗಾದ್ರೆ ನಾನು ಸುಳ್ಳು ಹೇಳುವುದಲ್ಲ ಅಂತ ಆಯ್ತು" ಎಂದಳು. ಸುಳ್ಳು ಎಂದು ಯಾರೆಂದರು? ಕೇಳಲು ಹೊರಟವನು ಕೇಳಲಿಲ್ಲ.

28 ಜನವರಿ

ಇಂದಿನ ಭಾಗ: "ರೋಗಿಗೆ ಪೂರ್ತಿ ಪ್ರಜ್ಞೆ ತಪ್ಪಿಸುವುದಿಲ್ಲ. ನಳಿಗೆ ಹೋಗುವ ಜಾಗವನ್ನು ಮಾತ್ರ ಮರಗಟ್ಟಿಸುತ್ತೇವೆ. ಕ್ಷಕಿರಣದ ಪರದೆಯಲ್ಲಿ ದಾರಿ ನೋಡಿಕೊಂಡು ಹೋಗುತ್ತೇವೆ. ಕಾಲಿಗೆ ನೋವು ಹರಿದರೆ ರೋಗಿ ಹೇಳುತ್ತಾನೆ. ಹೇಳಿದ ಕೂಡಲೇ ವೈದ್ಯನು ಕೈ ನಿಲ್ಲಿಸುತ್ತಾನೆ."

"ಕೊನೆಯದ್ದು ಇನ್ನೊಮ್ಮೆ ಓದಿ" ಎಂದಳು. ಓದಿದೆ.

"ಹೇಳಿದ್ರೆ ನಿಲ್ಲಿಸ್ತಾರಾ?"

"ಹಾಗಂತ ಬರೆದಿದ್ದಾರೆ."

"ನನಗೆ ಇದೇ ಆಗಬೇಕು" ಎಂದಳು.

2 ಫೆಬ್ರವರಿ

ಅರ್ಧ ದಿನ ಒಂದೇ ಶಬ್ದ ತಿಂದಿತು. ಒಂದು ಅಕ್ಷರ 'ತಾಯಿ', ಅದರ ಪಕ್ಕದ್ದು 'ಕಾಲಿನ ಬೆರಳು'. ತಾಯಿಬೆರಳು! ಹೆಬ್ಬೆರಳಿಗೆ ಅವರು ಹಾಗೆ ಹೇಳುತ್ತಾರೆ ಎಂದು ಕೊನೆಗೆ ಹೊಳೆಯಿತು. ಹೇಮಾಕ್ಷಿಗೆ ಬಹಳ ಇಷ್ಟವಾಯಿತು. "ಸರಿಯೇ ಉಂಟು. ಉಳಿದ ನಾಲ್ಕು ಮಕ್ಕಳು ಅದರ ಹಿಂದೆ ಸಾಲಾಗಿ ನಿಂತ ಹಾಗೆಯೇ ಕಾಣ್ತದೆ."

ರೋಗಿ ತಾಯಿಬೆರಳನ್ನು ಮೇಲೆತ್ತಬೇಕು, ವೈದ್ಯ ತನ್ನ ಬೆರಳಿನಿಂದ ಕೆಳಗೆ ಒತ್ತಬೇಕು. ನರಕ್ಕೆ ಬಲವಿದ್ದರೆ ಬೆರಳು ಬಗ್ಗುವುದಿಲ್ಲ. ಅವಳ ಪಾದದ ಬಳಿ ಕುಳಿತು ಒತ್ತಿ ನೋಡಿದೆ. ಬಲಗಾಲಿನದ್ದು ಗಟ್ಟಿ. ಎಡದ್ದು ಸ್ವಲ್ಪ ಸೋತರೂ ಎದುರು ನಿಂತಿತು. ಹಿಮ್ಮಡಿ ಒಡೆದು ಬಿರುಕು ಬಿಟ್ಟಿದೆ. ನಾನು ನೋಡಿರಲೇ ಇಲ್ಲ. ಹಚ್ಚಲು ತೆಂಗಿನೆಣ್ಣೆ ತಂದೆ. ಅಮ್ಮಣಕ್ಕ ಬಾಗಿಲ ತನಕ ಬಂದು ಹಾಗೆಯೇ ಹಿಂದಕ್ಕೆ ಹೋದರು.

6 ಫೆಬ್ರವರಿ

ಕೊನೆಯ ಪುಟ. ಈ ಚಿಕಿತ್ಸೆ ಯಾರಿಗೆ, ಯಾರಿಗಲ್ಲ ಎಂದು ಅಲ್ಲಿದೆ. ಮೆತ್ತೆ ಬರಿದೇ ಉಬ್ಬಿದ್ದರೆ ಆಗುತ್ತದೆ. ಅದು ಹರಿದು ತುಂಡು ಹೊರಬಿದ್ದಿದ್ದರೆ, ಅಥವಾ ಕಾಲಿನ ಬಲ ಬೇಗ ಕುಗ್ಗುತ್ತಿದ್ದರೆ, ಇದು ಸಾಲದು, ತಡಮಾಡದೆ ಬೆನ್ನು ತೆರೆಯಬೇಕು. ಆ ಸಾಲನ್ನು ಬರೆದೆ, ಓದುವಾಗ ಬಿಟ್ಟುಬಿಟ್ಟೆ. ಅವಳ ಮುಖ ಅಷ್ಟು ಗೆಲುವಾಗಿತ್ತು.

9 ಫೆಬ್ರವರಿ

ಡಾಕ್ಟರ್ ಇಸಿದೋರ್ ಅನುವಾದವನ್ನು ನಿಂತಲ್ಲೇ ಓದಿ ಮುಗಿಸಿದರು. ಹೊರಗೆ ರೋಗಿಗಳು ಕಾದಿದ್ದರು. ನನ್ನ ಹೆಂಡತಿಗೆ ಇದನ್ನು ಮಾಡಿ ಎಂದೆ.

"ಈಜು ಪುಸ್ತಕದಲ್ಲಿ ಓದಿ ನೇತ್ರಾವತಿಗೆ ಹಾರಿದ ಹಾಗೆ ಆಗ್ತದೆ ಮಾರಾಯ್ರೆ. ನರಕ್ಕೂ ನಳಿಗೆಗೂ ನಡುವೆ ಎಷ್ಟು ಜಾಗ ಅಂತ ನೋಡಿದಿರಾ? ಕಣ್ಣಾರೆ ನೋಡಬೇಕು, ಅವರ ಕೈಯ ಪಕ್ಕದಲ್ಲಿ ನಿಲ್ಲಬೇಕು. ಬೇರೆಯವರ ಬೆನ್ನಿನಲ್ಲಿ ನಾನು ಕಲಿಯುವುದಿಲ್ಲ."

ನನಗೆ ಸಿಟ್ಟು ಬಂತು. ಅವರಿಗೆ ಅದು ಗೊತ್ತಾಯಿತು. ಕಾಗದ ಮುಂದಿಟ್ಟು, "ಅವರಿಗೆ ಒಂದು ಪತ್ರ ಬರೆಯಿರಿ, ಜಪಾನಿಯಲ್ಲೇ. ಮಂಗಳೂರಿನಿಂದ ಒಬ್ಬ ಮುದುಕ ಕಲಿಯಲಿಕ್ಕೆ ಬರಬಹುದಾ ಅಂತ ಕೇಳಿ" ಎಂದರು. ಅಲ್ಲೇ ಕುಳಿತು ಬರೆದೆ.

1 ಮಾರ್ಚ್

ಮೂರು ವಾರದಿಂದ ಬರೆದಿಲ್ಲ. ಒಂದು ದಿನ ಕಡಿಮೆ ಅನಿಸುತ್ತದೆ, ಮರುದಿನ ಹೆಚ್ಚು. ರಾತ್ರಿ ಸೆಳೆತ ಬಂದರೆ ಮಂಡಿಯ ಕೆಳಗೆ ದಿಂಬು ಇಟ್ಟು ಎತ್ತರಿಸಬೇಕು, ಎಡಕ್ಕೆ ಹೊರಳಿಸಬಾರದು. ಗಂಜಿಗೆ ಉಪ್ಪು ಮುಂಚೆಯೇ ಹಾಕಿದರೆ ಅವಳಿಗೆ ಸೇರುವುದಿಲ್ಲ. ಅಮ್ಮಣಕ್ಕ ತಮ್ಮ ಮನೆ ನೋಡಿಕೊಳ್ಳಲು ಪಡೀಲಿಗೆ ಹೋಗಿದ್ದಾರೆ. "ಭಾವ, ನಿಮಗೆ ಒಬ್ಬರಿಗೇ ಆಗ್ತದಾ?" ಎಂದು ಕೇಳಿದರು. ಆಗುತ್ತದೆ ಎಂದೆ. ಆಗುತ್ತಿದೆ.

13 ಮಾರ್ಚ್

ಜಪಾನಿನಿಂದ ಉತ್ತರ ಬಂತು. ಸೆಪ್ಟೆಂಬರಿನಲ್ಲಿ ಬನ್ನಿ, ಮೂರು ತಿಂಗಳು ನಮ್ಮ ಜೊತೆಗಿರಿ ಎಂದಿದ್ದಾರೆ. ಓಡಿದ ಹಾಗೆ ಮನೆಗೆ ಬಂದು ಓದಿ ಹೇಳಿದೆ. ಹೇಮಾಕ್ಷಿ ಕೈಬೆರಳಲ್ಲಿ ಎಣಿಸಿದಳು. "ಡಿಸೆಂಬರ್ ತನಕ ನಾನು ಹೀಗೇ ಮಲಗುವುದಾ?" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಮಲಗ್ತೇನೆ. ಬೆನ್ನು ಕೊಯ್ಯುವುದು ಬೇಡ" ಎಂದಳು.

16 ಮಾರ್ಚ್

ಬೆಳಿಗ್ಗೆ ದಿನದಂತೆ ಬೆರಳು ನೋಡಿದೆ. ಬಲದ್ದು ಎದ್ದಿತು. "ಎಡದ್ದು ಎತ್ತು" ಎಂದೆ.

"ಎತ್ತಿದ್ದೇನಲ್ಲ."

ಎತ್ತಿರಲಿಲ್ಲ. ಅವಳು ಎತ್ತಿದ್ದೇನೆ ಎಂದುಕೊಂಡಿದ್ದಳು, ಬೆರಳು ಮಾತ್ರ ಅಲುಗದೆ ಬಿದ್ದಿತ್ತು. ಇನ್ನೊಮ್ಮೆ ಹೇಳಿದೆ. ಅವಳ ಹಣೆಯಲ್ಲಿ ಬೆವರು ಬಂತು, ಬೆರಳು ಏಳಲಿಲ್ಲ. ನೋವು ಹೇಗಿದೆ ಎಂದು ಕೇಳಿದೆ. "ನಿನ್ನೆ ಸಂಜೆಯಿಂದ ಕಡಿಮೆಯೇ ಉಂಟು. ಗುಣ ಆಗ್ತಾ ಉಂಟು ಅಂತ ಎಣಿಸಿದ್ದೆ" ಎಂದಳು. ನೋವು ಇಳಿದು ಬಲವೂ ಇಳಿದರೆ ಅದು ಗುಣವಲ್ಲ. ಅದೂ ಆ ಪುಟದಲ್ಲೇ ಇತ್ತು.

ಅವಳ ಮಂಚದ ಅಂಚಿನಲ್ಲಿ ಕುಳಿತೆ. "ಹೇಮಾ, ಆ ಪ್ರಬಂಧದಲ್ಲಿ ಒಂದು ಸಾಲು..."

"ಕೊನೆಯ ಪುಟದಲ್ಲಿ. ನೀವು ಹಾರಿಸಿದ್ದು ಕೇಳಿಸಿತ್ತು ನನಗೆ" ಎಂದಳು. "ಇಷ್ಟು ವರ್ಷ ಮಕ್ಕಳ ಓದು ಕೇಳಿದವಳಿಗೆ ಅಷ್ಟು ಗೊತ್ತಾಗುವುದಿಲ್ಲವಾ? ನಾನೂ ಕೇಳಲಿಲ್ಲ. ಈಗ ಹೇಳಿ."

ಹೇಳಿದೆ. ಅವಳು ಸೂರು ನೋಡುತ್ತಾ ಕೇಳಿದಳು. "ಟ್ಯಾಕ್ಸಿ ತನ್ನಿ" ಎಂದಳು.

ಬೆನ್ನಿಗೆ ಬಣ್ಣದ ಮದ್ದು ಹಾಕಿ ಎಕ್ಸ್‌ರೇ ತೆಗೆದರು. ತುಂಡು ಕಳಚಿ ನರದ ಮೇಲೆ ಕುಳಿತಿದೆ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಬೆರಳು ಹೋದದ್ದು ಯಾವಾಗ ಎಂದು ಕೇಳಿದರು. ನಿನ್ನೆ ಬೆಳಿಗ್ಗೆ ಇತ್ತು, ಇವತ್ತು ಇಲ್ಲ ಎಂದೆ. "ನಿಮಗೆ ಹೇಗೆ ಗೊತ್ತು?" "ದಿನಾ ನೋಡ್ತೇನೆ." ಅವರು ನನ್ನ ಮುಖವನ್ನೇ ನೋಡಿದರು. "ಹೆಚ್ಚಿನವರು ಚಪ್ಪಲಿ ಕಾಲಿನಿಂದ ಜಾರಿ ಬೀಳಲಿಕ್ಕೆ ಶುರುವಾದ ಮೇಲೆ ಬರ್ತಾರೆ. ತಿಂಗಳು ದಾಟಿರ್ತದೆ. ನಾಳೆ ಬೆಳಿಗ್ಗೆಯೇ ಮಾಡುವ."

17 ಮಾರ್ಚ್

ಒಳಗೆ ಕರೆದುಕೊಂಡು ಹೋಗುವ ಮೊದಲು ಹೇಮಾಕ್ಷಿ ಡಾಕ್ಟರನ್ನು ಕೇಳಿದಳು, "ನಾನು ಎಚ್ಚರ ಇರಬಹುದಾ? ನೋವಾದ್ರೆ ಹೇಳ್ತೇನೆ."

"ಇದರಲ್ಲಿ ಆಗುವುದಿಲ್ಲ ತಂಗಿ. ನೀವು ಮಲಗಲೇಬೇಕು." ಅವರು ಅಷ್ಟು ಮೆತ್ತಗೆ ಮಾತಾಡಿದ್ದು ನಾನು ಕೇಳಿರಲಿಲ್ಲ. "ಆದರೆ ಆ ಪ್ರಬಂಧ ಓದಿದ ಮೇಲೆ ನನ್ನ ಕತ್ತಿಯೂ ಸ್ವಲ್ಪ ನಾಚಿಕೊಂಡಿದೆ. ಬೇಕಾದಷ್ಟೇ ತೆರೆಯುವುದು, ಒಂದು ನೂಲು ಹೆಚ್ಚಿಲ್ಲ."

ಮಂಪರು ಬರುವ ತನಕ ನನ್ನನ್ನು ಒಳಗೆ ಬಿಟ್ಟರು. ಅವಳ ಕೈ ತಣ್ಣಗಿತ್ತು. ಏನಾದರೂ ಹೇಳಿ ಎಂದಳು. ಏನು ಹೇಳುವುದು ಎಂದು ತೋಚದೆ, ಯಾವ ಹಡಗು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಹೇಳುತ್ತಾ ಹೋದೆ. ಅವಳು ಅರ್ಧ ನಕ್ಕು ಕಣ್ಣು ಮುಚ್ಚಿದಳು. ಆಮೇಲೆ ಹೊರಗಿನ ಬೆಂಚು.

ಮಧ್ಯಾಹ್ನ ಡಾಕ್ಟರು ಒಂದು ಬಾಟಲಿ ಹಿಡಿದುಕೊಂಡು ಬಂದರು. ನೀರಿನಲ್ಲಿ ಬೆಳ್ಳಗಿನ ಒಂದು ಚೂರು, ಬೇಯಿಸಿದ ಏಡಿಯ ಮಾಂಸದ ಎಸಳಿನ ಹಾಗೆ. ಇಷ್ಟೇಯಾ ಎಂದೆ. "ಇಷ್ಟೇ" ಎಂದರು.

18 ಮಾರ್ಚ್

ಸೆಳೆತ ಇಲ್ಲ. ಉರಿ ಇಲ್ಲ. ಗಾಯದ ನೋವು ಇದೆ, ಅದು ಬೇರೆ ಜಾತಿ, ಸಹಿಸಬಹುದು ಎನ್ನುತ್ತಾಳೆ. ಅಮ್ಮಣಕ್ಕ ಪಡೀಲಿನಿಂದ ಮತ್ತೆ ಬಂದಿದ್ದಾರೆ. ಬೆರಳು ಇನ್ನೂ ಎದ್ದಿಲ್ಲ.

4 ಏಪ್ರಿಲ್

ಎದ್ದಿತು. ಅಕ್ಕಿ ಕಾಳಿನಷ್ಟು. ಅವಳಿಗೆ ಕಾಣಲಿಲ್ಲ, ನನಗೆ ಕಂಡಿತು. ಅಮ್ಮಣಕ್ಕನೂ ಕಂಡಿತು ಎಂದರು.

7 ಜೂನ್

ಹೇಮಾಕ್ಷಿ ಶಾಲೆಗೆ ಹೋದಳು. ಬೆನ್ನಿನಲ್ಲಿ ನನ್ನ ಅರ್ಧ ಬೆರಳುದ್ದದ ಗುರುತು. ಎಡಪಾದ ಇನ್ನೂ ಸ್ವಲ್ಪ ಸೋಮಾರಿ. ಚಪ್ಪಲಿಯ ಹಿಂದಕ್ಕೆ ತಾನೇ ಒಂದು ಪಟ್ಟಿ ಹೊಲಿದುಕೊಂಡಿದ್ದಾಳೆ. ಬಿಂದಿಗೆ ಹೊರಬಾರದು ಎಂದು ನಾನೇ ನೀರು ಸೇದಿ ತುಂಬಿಸಿಟ್ಟು ಆಫೀಸಿಗೆ ಹೋದೆ. ಮನೆ ತೀರಾ ಖಾಲಿ ಅನಿಸಿತು ಎಂದು ಅಮ್ಮಣಕ್ಕ ಹೇಳಿದರು. ನನಗೆ ಆಫೀಸಿನಲ್ಲಿ ಹಾಗನಿಸಿತು.

29 ಆಗಸ್ಟ್

ಡಾಕ್ಟರ್ ಇಸಿದೋರ್ ನಾಡಿದ್ದು ಹೊರಡುತ್ತಾರೆ. ತಿಂಗಳಿಂದ ಸಂಜೆ ನಮ್ಮ ಮನೆಗೆ ಬಂದು ಜಪಾನಿ ಕಲಿಯುತ್ತಿದ್ದಾರೆ. ನಾಲಿಗೆ ಹೊರಳುವುದೇ ಇಲ್ಲ. 'ನೋವಾ? ಜೋಮಾ? ನಿಲ್ಲಿಸಲಾ?' ಈ ಮೂರು ಬಂದರೆ ಸಾಕು, ಉಳಿದದ್ದಕ್ಕೆ ಕೈಸನ್ನೆ ಉಂಟು ಎಂದರು. ಮೂರನ್ನು ಆರಿಸಿಕೊಟ್ಟವಳು ಹೇಮಾಕ್ಷಿ.

9 ಫೆಬ್ರವರಿ 1984

ಡೈರಿ ಬರೆಯದೆ ವರ್ಷ ಒಂದೂವರೆ ಆಯಿತು. ಇದು ಈ ವರ್ಷದ್ದು, ಅದೇ ಕಂಪೆನಿಯವರು ಕೊಟ್ಟದ್ದು, ಕಾಗದ ಮೊದಲಿನಷ್ಟು ಚೆನ್ನಾಗಿಲ್ಲ.

ಜಪಾನಿನಿಂದ ಬಂದ ಮೇಲೆ ಡಾಕ್ಟರು ಉಪಕರಣಗಳಿಗಾಗಿ ಕಾದರು, ಸುಂಕದವರೊಡನೆ ಜಗಳವಾಡಿದರು, ಎರಡು ಸಲ ತಾರೀಖು ಇಟ್ಟು ತಾವೇ ಮುಂದೆ ಹಾಕಿದರು. ಕೊನೆಗೆ ನಿನ್ನೆ ಅವರ ಕೈಯ ಮೊದಲ ನಳಿಗೆ ಚಿಕಿತ್ಸೆ ಆಯಿತು. ತೊಕ್ಕೊಟ್ಟಿನ ತೆಂಗಿನಕಾಯಿ ವ್ಯಾಪಾರಿ ಮೂಸಬ್ಬ. ಮೂಟೆ ಎತ್ತಿ ಎತ್ತಿ ಸೊಂಟ ಹೋದವರು. "ನಿಮಗೆ ಅಲ್ಲಿ ಕೆಲಸ ಎಂತದೂ ಇಲ್ಲ, ಸುಮ್ಮನೆ ಬನ್ನಿ. ನನಗೆ ಧೈರ್ಯಕ್ಕೆ" ಎಂದು ಡಾಕ್ಟರು ನನ್ನನ್ನು ಕರೆದಿದ್ದರು. ಹೊರಗೆ ಕುಳಿತಿದ್ದೆ. ಮೂಸಬ್ಬ ಉದ್ದಕ್ಕೂ ಮಾತಾಡುತ್ತಲೇ ಇದ್ದದ್ದು ಬಾಗಿಲಾಚೆಯಿಂದ ಕೇಳಿಸುತ್ತಿತ್ತು. ತೆಂಗಿನಕಾಯಿಯ ರೇಟು, ಮಗಳು ಮುಮ್ತಾಝಳ ಮದುವೆ. ಒಮ್ಮೆ ಸ್ವರ ಏರಿತು: "ಡಾಕ್ಟ್ರೇ, ಕಾಲಿಗೆ ಬಂತು, ಕಾಲಿಗೆ ಬಂತು!" ಆಮೇಲೆ ಪೂರ್ತಿ ನಿಶ್ಶಬ್ದ. ನಾನು ಎದ್ದು ನಿಂತುಬಿಟ್ಟಿದ್ದೆ. "ನಿಲ್ಲಿಸಿದೆ. ಈಗ?" "ಈಗ ಇಲ್ಲ." "ಈಗ?" "ಇಲ್ಲ."

ಇಂದು ಬೆಳಿಗ್ಗೆ ಹೋಗಿ ನೋಡಿದರೆ ಮೂಸಬ್ಬ ವರಾಂಡದಲ್ಲಿ ನಡೆದಾಡುತ್ತಿದ್ದರು. ಪಕ್ಕೆಯಲ್ಲಿ ಒಂದು ಸಣ್ಣ ಪ್ಲಾಸ್ಟರ್, ಅಷ್ಟೇ. ಅಂಗಿ ಎತ್ತಿ ಬಂದವರಿಗೆಲ್ಲ ತೋರಿಸುತ್ತಿದ್ದರು. ಡಾಕ್ಟರು ರಾತ್ರಿ ನಿದ್ದೆ ಮಾಡಿದ ಹಾಗೆ ಕಾಣಲಿಲ್ಲ. "ಎಲ್ಲರಿಗೂ ಇದು ಆಗುವುದಿಲ್ಲ, ಕೆಲವರಿಗೆ ಮಾಡಿಯೂ ಗುಣ ಆಗ್ಲಿಕ್ಕಿಲ್ಲ" ಎಂದರು, ನಾನೇನೂ ಕೇಳಿರಲಿಲ್ಲ. ಆಮೇಲೆ ಡ್ರಾಯರ್ ಎಳೆದು ಇನ್ನೊಂದು ಝೆರಾಕ್ಸ್ ತೆಗೆದರು. ಯುರೋಪಿನಲ್ಲಿ ಯಾರೋ ಆ ನಳಿಗೆಯ ಒಳಗೆ ದೀಪವನ್ನೂ ಕನ್ನಡಿಯನ್ನೂ ಇಟ್ಟು ಮೆತ್ತೆಯನ್ನು ಕಣ್ಣಿನಿಂದಲೇ ನೋಡುತ್ತಿದ್ದಾರಂತೆ.

"ಜರ್ಮನ್ ಬರ್ತದಾ ನಿಮಗೆ?"

ಬರುವುದಿಲ್ಲ ಎಂದೆ. ಇಬ್ಬರೂ ನಕ್ಕೆವು. ಆದರೂ ಕಾಗದ ನನ್ನ ಕೈಯಲ್ಲೇ ಕೊಟ್ಟರು.

ಇದನ್ನೆಲ್ಲ ಹೇಮಾಕ್ಷಿಗೆ ಹೇಳಬೇಕೆಂದು ಬೇಗ ಬಂದೆ. ಮನೆಯಲ್ಲಿರಲಿಲ್ಲ. ಶಾಲೆಯಿಂದ ನೇರ ಪಡೀಲಿಗೆ, ಅಕ್ಕನ ಮನೆಗೆ, ಒಬ್ಬಳೇ ಬಸ್ಸಿನಲ್ಲಿ ಹೋಗಿದ್ದಾಳೆಂದು ಪಕ್ಕದ ಮನೆಯವರು ಹೇಳಿದರು. ಕಾದು ಕಾದು ಬಸ್ ಸ್ಟಾಪಿಗೆ ಹೋಗಿ ನಿಂತೆ. ಬಂದ ಮೂರನೆಯ ಬಸ್ಸಿನಿಂದ ಇಳಿದಳು, ಕೈಯಲ್ಲಿ ಬಸಳೆಯ ಕಟ್ಟು.

"ಎಂತ, ಇಲ್ಲಿ ನಿಂತದ್ದು? ನನಗೆ ದಾರಿ ಗೊತ್ತಿಲ್ಲವಾ?" ಎಂದು ಜೋರು ಮಾಡಿ ಮುಂದೆ ಹೊರಟೇಬಿಟ್ಟಳು. ಏರು ರಸ್ತೆ. ಅವಳ ಹಿಂದೆ ಹೋಗಲು ನನಗೆ ಏದುಸಿರು ಬಂತು. ಅಮ್ಮಣಕ್ಕನಿಗೂ ಸೊಸೆಗೂ ಮನೆ ಪಾಲಿನ ವಿಷಯದಲ್ಲಿ ಏನೋ ಮನಸ್ತಾಪ. ದಾರಿಯುದ್ದಕ್ಕೂ ಅದನ್ನೇ ಹೇಳಿದಳು, ಬಸಳೆ ಬಿಡಿಸುವಾಗ ಹೇಳಿದಳು, ಊಟ ಮಾಡುವಾಗಲೂ ಹೇಳಿದಳು. ಸೊಸೆಯದ್ದು ಪೂರ್ತಿ ತಪ್ಪಲ್ಲ ಎಂದು ನನಗನ್ನಿಸಿತು, ಹೇಳಿದೆ. ಅವಳು ಒಪ್ಪಲಿಲ್ಲ. ಮಾತು ಮುಗಿಯುವಾಗ ಅವಳಿಗೆ ನಿದ್ದೆ ಬಂದಿತ್ತು.

ಮೂಸಬ್ಬನ ವಿಷಯ ಹೇಳಲಿಕ್ಕೆ ಬಿಟ್ಟೇಹೋಯಿತು. ನಾಳೆ ಹೇಳಬೇಕು.